ಒಂದು ಕಣ್ಣು ಬಾಕಿ

ಜೂನ್ ಒಂದಕ್ಕೆ ಬೋಟುಗಳೆಲ್ಲ ಮಲ್ಪೆಯ ದಕ್ಕೆಗೆ ಬಂದು
ಮೈಗೆ ಮೈ ತಾಗಿಸಿ ನಿಂತವು.
ಎರಡು ತಿಂಗಳು ಕಡಲಿಗೆ ರಜೆ. ನನಗೆ
ಐವತ್ತೊಂದನೇ ವಯಸ್ಸಿಗೆ ಶಾಲೆ.

ಶೆಡ್ಡಿನಲ್ಲಿ ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್.
ಕಾಗದದ್ದಲ್ಲ, ವಸ್ತುವನ್ನೇ ಪದರು ಪದರಾಗಿ ಇಳಿಸುವಂಥದ್ದು.
ಕಲಿಸುವವಳು ಹೂಡೆಯ ರುಮಾನಾ,
ನನ್ನ ಕಿರಿಮಗಳಿಗಿಂತ ಎರಡು ವರ್ಷ ಸಣ್ಣವಳು.
"ಏನು ಮಾಡ್ಲಿಕ್ಕುಂಟು ಅಂಕಲ್?"
ಕಿಸೆಯಿಂದ ಬಲೆ ಕಟ್ಟುವ ಸೂಜಿ ತೆಗೆದು ಮೇಜಿನ ಮೇಲಿಟ್ಟೆ.
ಬಿದಿರಿನದು. ನಡುವೆ ನಾಲಗೆ, ಬುಡದಲ್ಲಿ ಕವಲು,
ಬೆವರು ಕುಡಿದು ಕಪ್ಪಾದದ್ದು.
"ಇದು. ಆದರೆ ಇದಲ್ಲ."
ಗುರುವಣ್ಣನ ಕೈಗೆ ಆಗುವಂಥದ್ದು ಎಂದು ಆಗ ಹೇಳಲಿಲ್ಲ.

ಮೊದಲ ದಿನ ಮೌಸು ಏಡಿಯ ಹಾಗೆ ಅಡ್ಡಡ್ಡ ಓಡಿತು.
ಎಳೆದ ಗೆರೆ ನಿಲ್ಲುವುದಿಲ್ಲ, ಮುಟ್ಟಿದರೆ
ಬೆರಳ ಹಿಂದೆಯೇ ಬರುತ್ತದೆ,
ಹಗ್ಗ ಬಿಚ್ಚಿದ ದೋಣಿ.
"ನೀಲಿ ಇದ್ರೆ ಸಡಿಲ, ಕಪ್ಪಾದ್ರೆ ಬಿಗಿ" ಅಂದಳು.
ಈ ಗೆರೆ ಆ ಗೆರೆಗೆ ಸಮಾಂತರ, ಈ ತುದಿ ಆ ನಡುಬಿಂದುವಿಗೆ,
ಇಲ್ಲಿಂದಿಲ್ಲಿಗೆ ನೂರ ಎಂಬತ್ತು ಮಿಲಿಮೀಟರ್,
ಮೂತಿಗೊಂದು, ಹಿಂಬದಿಗೊಂದು, ಹಗ್ಗದ ಮೇಲೆ ಹಗ್ಗ.
ಕೊನೆಯದು ಬಿದ್ದಾಗ ಸೂಜಿ ಪೂರಾ ಕಪ್ಪಾಗಿ
ಅಲುಗದೆ ನಿಂತಿತು.
ಹಿಡಿದಿದ್ದ ಉಸಿರು ಬಿಟ್ಟೆ.

ಆದರೆ ಎತ್ತಹೋದರೆ ಏಳುವುದಿಲ್ಲ.
ಚಪ್ಪಟೆ ಚಿತ್ರಕ್ಕೆ ದಪ್ಪ ಕೊಡುವ ಗುಂಡಿ
ಒತ್ತುತ್ತೇನೆ, ಒತ್ತುತ್ತೇನೆ, ಪರದೆ ಒಪ್ಪುವುದಿಲ್ಲ.
"ಎಲ್ಲೋ ಓಪನ್ ಉಂಟು ಅಂಕಲ್, ಸುತ್ತು ಪೂರ್ತಿ ಆಗ್ಲಿಲ್ಲ.
ಹುಡುಕಿ," ಎಂದು ರುಮಾನಾ ಚಹಾಕ್ಕೆ ಹೋದಳು.

ಹುಡುಕಿ!
ಮೂವತ್ತು ವರ್ಷ ಮತ್ತೇನು ಮಾಡಿದ್ದು ನಾನು?
ಮಾರುಗಟ್ಟಲೆ ಬಲೆಯನ್ನು ಮಡಿಲಲ್ಲಿ ಹಾಕಿಕೊಂಡು
ಹರಿದ ಒಂದು ಕಣ್ಣಿಗಾಗಿ ಬೆರಳಾಡಿಸಿದ್ದು.
ನೋಟಕ್ಕೆ ಬೀಳುವ ಮೊದಲು ಬೆರಳಿಗೆ ಸಿಗುತ್ತದೆ ಅದು.
ಒಂದೇ ಕಣ್ಣು ತೆರೆದಿದ್ದರೂ ಸಾಕು,
ಬಂಗುಡೆ ತನ್ನ ಬಂಧುಬಳಗಕ್ಕೆಲ್ಲ ದಾರಿ ಹೇಳುತ್ತದೆ.
ಇಲ್ಲಿ ಮುಟ್ಟಲು ನೂಲಿಲ್ಲ.
ಮೌಸಿನ ಗಾಲಿ ತಿರುಗಿಸಿ ಹತ್ತಿರ ಹೋದೆ. ಇನ್ನೂ ಹತ್ತಿರ.
ನಾಲಗೆಯ ಬುಡದಲ್ಲಿ, ಎರಡು ಗೆರೆ ಸೇರಿದಂತೆ ಕಂಡಲ್ಲಿ,
ನೂರು ಪಟ್ಟು ಹಿಗ್ಗಿಸಿದ ಮೇಲೆ
ಒಂದು ಅಳಿವೆ.
ಬೋಟು ನುಗ್ಗುವಷ್ಟು ಅಗಲ.
ಅಸಲಿಗೆ ಕೂದಲಿಗಿಂತ ಸಪೂರ.

ಎರಡು ತುದಿ ಹಿಡಿದು ಗಂಟು ಹಾಕಿದೆ.
ಸೂಜಿ ಎದ್ದು ಕೂತಿತು.

ಭಾನುವಾರ ವರ್ನಿಯರ್ ಕಡ ತಂದೆ.
ಕಳೆದ ಸೀಸನ್ನಿನಲ್ಲಿ ವಿಂಚು ಎರಡು ಬೆರಳು ತೆಗೆದ ಮೇಲೆ
ಗುರುವಣ್ಣ ಬಲಗೈಯನ್ನು ಲುಂಗಿಯ ಮಡಿಕೆಯಲ್ಲಿಟ್ಟೇ ಮಾತಾಡುವವ.
"ಸೂಜಿ ಹಿಡಿದ ಹಾಗೆ ಹಿಡಿ" ಅಂದೆ.
"ದಾಯೆಗ್?"
ಹೇಳಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.
ಉಕ್ಕಿನ ದವಡೆ ತಣ್ಣಗಿತ್ತು.
ಹೆಬ್ಬೆರಳಿಗೂ ಮೊಂಡು ತುದಿಗೂ ನಡುವೆ
ಹದಿನೆಂಟು ಪಾಯಿಂಟ್ ನಾಲ್ಕು.
ನಾನು ಬರೆದುಕೊಳ್ಳುವುದು ನೋಡಿ ನಕ್ಕ:
"ವಿಂಚೂ ಅಷ್ಟು ಕರೆಕ್ಟಾಗಿ ಕಡಿಯಲಿಲ್ಲ ಮಾರಾಯ."

ಮೊದಲನೆಯದರ ನಾಲಗೆ ಮುರಿಯಿತು.
ನಿಲ್ಲಿಸಿ ಅಚ್ಚು ಹಾಕಿದ್ದೆ, ಪದರು ಅಡ್ಡ ಬಿತ್ತು.
ಬಿದಿರಿನ ನಾರು ಎತ್ತ ಓಡುತ್ತದೆಂದು ಬಲ್ಲವನೇ
ಪ್ಲಾಸ್ಟಿಕ್ಕಿಗೂ ನಾರುಂಟೆಂದು ಮರೆತದ್ದು.
ಎರಡನೆಯದಕ್ಕೆ ನೂಲು ಹೊಗಲಿಲ್ಲ.
ನೂಲು ಎರಡು ಮಿಲಿಮೀಟರ್, ಬಿಟ್ಟ ಸಂದೂ ಎರಡೇ.
ಲೆಕ್ಕ ಸರಿ ಇತ್ತು. ಅಷ್ಟು ಸರಿಯಾದ ಲೆಕ್ಕದೊಳಗೆ
ಏನೂ ಹೋಗುವುದಿಲ್ಲ.
ಮೂರನೆಯದು ಮಲಗಿಕೊಂಡು ಬಂತು,
ಮೂರು ಗಂಟೆ ಹತ್ತು ನಿಮಿಷ, ಹಸಿರು ಬಣ್ಣ,
ಗುಬ್ಬಚ್ಚಿಯ ಹೊಟ್ಟೆಯ ಹಾಗೆ ಬುಡ ಉಬ್ಬಿದ್ದು.

ಗುರುವಣ್ಣ ನೂಲು ಸುತ್ತಿದ. ಒಂದು ಕಣ್ಣು ಕಟ್ಟಿದ. ಎರಡು.
ಮೂರನೆಯದರಲ್ಲಿ ಬುಡ ಸಿಕ್ಕಿಕೊಂಡಿತು.
ಜಗ್ಗಿದ. ಸೂಜಿ ಹಾರಿ ಬಲೆಯ ರಾಶಿಯಲ್ಲಿ ಬಿತ್ತು,
ಇಬ್ಬರೂ ಹುಡುಕಿದೆವು ಸುಮಾರು ಹೊತ್ತು.
"ಬಿದಿರಲ್ಲಾದರೆ ಹತ್ತು ನಿಮಿಷದ ಕೆಲಸ" ಅಂದ.
ಹೌದು.
ಆಮೇಲೆ ಬೆಳಕಿಗೆ ಹಿಡಿದು, ಉಬ್ಬು ಸವರಿ,
"ಇಲ್ಲಿ ಒಂಚೂರು ತೆಗಿ. ಮತ್ತೆ, ಕೆಂಪು ಸಿಗ್ತದಾ?
ಹಸಿರು ಬಲೆಯಲ್ಲಿ ಬಿದ್ದರೆ ಕಾಣ್ಬೇಕಲ್ಲ."

ಸಂಜೆ ಶೆಡ್ಡಿಗೆ ಹೋಗಿ ಫೈಲು ತೆರೆದೆ.
ಬುಡದ ಅಂಕಿಯೊಂದನ್ನು ಅಳಿಸಿದೆ.
ಕಪ್ಪು ಗೆರೆ ನೀಲಿಯಾಗಿ
ಮೆಲ್ಲ ತೇಲತೊಡಗಿತು.